28 ದಿನ ಅಲ್ಲಾಡದ ದುಡ್ಡು

ಕಳೆದ ವಾರ ರಾತ್ರಿ ಹನ್ನೊಂದರ ಮೇಲೆ ತಮ್ಮ ಫೋನ್ ಮಾಡಿದ. ಆ ಹೊತ್ತಿನಲ್ಲಿ ಮನೆಯಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ವಿಷಯ ನೋಡಿದರೆ ಇಷ್ಟೇ. "ಅಕ್ಕಾ, 28 ದಿನ ಅಂದ್ರೆ ದುಡ್ಡು ಹಾಕಿದ ದಿನಾನೂ ಲೆಕ್ಕಕ್ಕೆ ಬರುತ್ತಾ?"

ನನಗೆ ನಗು ಬಂತು. ಆಮೇಲೆ ಆ ನಗು ಅಲ್ಲೇ ನಿಂತುಹೋಯಿತು. 2022ರಲ್ಲಿ ಇದೇ ಪ್ರಶ್ನೆಯನ್ನು ಇಟ್ಟುಕೊಂಡು ನಾನೂ ರಾತ್ರಿಯೆಲ್ಲಾ ಹೊರಳಾಡಿದ್ದೆ. ಕೇಳೋದಕ್ಕೆ ನನಗೆ ಅಕ್ಕ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ತಮ್ಮ ಬ್ರಿಟನ್ನಿಗೆ ಓದಲು ಹೋಗುತ್ತಿದ್ದಾನೆ. ಸೀಟು ಸಿಕ್ಕಿದೆ, ಇಂಗ್ಲಿಷ್ ಪರೀಕ್ಷೆ ಮುಗಿದಿದೆ, ಫೀಸಿನ ಮೊದಲ ಕಂತು ಕಟ್ಟಾಗಿದೆ. ಉಳಿದಿರುವುದು ವೀಸಾ. ವೀಸಾ ಅಂದರೆ ಮುಖ್ಯವಾಗಿ ದುಡ್ಡು ತೋರಿಸುವುದು. ಇದನ್ನು ಮಾಡದವರಿಗೆ ಇದು ಸುಲಭ ಅನಿಸುತ್ತದೆ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ತೋರಿಸೋದೇನು ಮಹಾ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ನಿಯಮ ಹೀಗಿದೆ. ಮೊದಲ ವರ್ಷದ ಫೀಸಿನಲ್ಲಿ ಕಟ್ಟದೆ ಉಳಿದದ್ದು ಎಷ್ಟೋ ಅಷ್ಟು. ಅದರ ಜೊತೆಗೆ ಅಲ್ಲಿ ಬದುಕುವ ಖರ್ಚಿಗೆ ತಿಂಗಳಿಗೆ ಇಷ್ಟು ಅಂತ, ಜಾಸ್ತಿ ಅಂದರೆ 9 ತಿಂಗಳಿನದು. ನಾನು ಹೋಗುವಾಗ ಲಂಡನ್ ಹೊರಗೆ ಓದುವವರಿಗೆ ಅದು ತಿಂಗಳಿಗೆ 1,023 ಪೌಂಡ್ ಇತ್ತು. 2025ರ ಜನವರಿಯಲ್ಲಿ 1,136 ಆಯಿತು. ಅದೇ ವರ್ಷ ನವೆಂಬರ್ 11ರಿಂದ 1,171. ಲಂಡನ್ ಒಳಗೆ ಆದರೆ 1,529. ಅಂದರೆ ನನಗೆ 9,207 ಪೌಂಡ್ ಸಾಕಾಗಿದ್ದು ತಮ್ಮನಿಗೆ 10,539 ಬೇಕು. ಈ ಇಡೀ ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದೇ ಒಂದು ದಿನ ಕೂಡ ಅದಕ್ಕಿಂತ ಕೆಳಗೆ ಇಳಿಯಬಾರದು. ಕೊನೆಯ ದಿನದ ಬ್ಯಾಲೆನ್ಸ್ ಅರ್ಜಿ ಹಾಕುವ ದಿನಕ್ಕೆ 31 ದಿನಕ್ಕಿಂತ ಹಳೆಯದಾಗಿರಬಾರದು. 28 ಯಾಕೆ, 30 ಯಾಕಲ್ಲ ಅಂತ ಆಗ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಫೆಬ್ರವರಿ ತಿಂಗಳಲ್ಲಿ ಕೂತು ಬರೆದಿರಬೇಕು ಅಂತ ಸಮಾಧಾನ ಮಾಡಿಕೊಂಡೆ.

ಈಗ ನಮ್ಮಪ್ಪನ ವಿಷಯ.

ಅಪ್ಪನದು ಒಂದು ಪುಟ್ಟ ಪ್ರಿಂಟಿಂಗ್ ಪ್ರೆಸ್. ರಸೀದಿ ಪುಸ್ತಕ, ಕರಪತ್ರ, ಲೆಟರ್‌ಹೆಡ್, ಹೀಗೆ ಏನು ಬಂದರೂ ಮಾಡುತ್ತಾರೆ. ಅವರ ಖಾತೆಗೆ ಬರುವ ದುಡ್ಡು ಒಳಗೆ ಬಂದು ಕೂರುವುದೇ ಇಲ್ಲ. ಬಾಗಿಲಲ್ಲೇ ಮಾತಾಡಿ, ಬಿಚ್ಚದ ಚಪ್ಪಲಿಯಲ್ಲೇ ಹೊರಟುಬಿಡುತ್ತದೆ. ಕಾಗದದವರಿಗೆ, ಇಂಕಿನವರಿಗೆ, ಕೆಲಸದವರ ಸಂಬಳಕ್ಕೆ, ಯಾವುದೋ ಮಶೀನಿನ ಕಂತಿಗೆ. ವರ್ಷಕ್ಕೆ ಲೆಕ್ಕ ಹಾಕಿದರೆ ನನ್ನ ಇಡೀ ಕೋರ್ಸಿನ ಖರ್ಚಿನ ಎಷ್ಟೋ ಪಟ್ಟು ಆ ಖಾತೆಯಲ್ಲಿ ಓಡಾಡಿರುತ್ತದೆ. ಆದರೆ ಯಾವುದೋ ಒಂದು ದಿನ ಹಿಡಿದು ನೋಡಿದರೆ ಖಾತೆ ಬಿಕೋ ಅನ್ನುತ್ತಿರುತ್ತದೆ. ಅಪ್ಪನಿಗೆ ಅದರಲ್ಲಿ ಒಂಥರಾ ಹೆಮ್ಮೆ ಕೂಡ. "ದುಡ್ಡು ಸುಮ್ನೆ ಕೂತ್ರೆ ಸೋಮಾರಿ ಆಗುತ್ತೆ" ಅನ್ನುವುದು ಅವರ ಮಾತು.

ಈ 28 ದಿನದ ನಿಯಮಕ್ಕೆ ಬೇಕಾದದ್ದು ಸೋಮಾರಿ ದುಡ್ಡೇ. ದುಡಿಯುವ ದುಡ್ಡು ಅದರ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಸಂಬಳದವರು ವರ್ಷಗಟ್ಟಲೆ ಕೂಡಿಟ್ಟ ಗಂಟು ಇದ್ದರೆ ಒಂದು ಕಾಗದ ತೆಗೆದು ಕೊಟ್ಟರೆ ಆಯಿತು. ಅಂಗಡಿ ಇಟ್ಟವರು, ಬೇಸಾಯ ಮಾಡುವವರು, ಲಾರಿ ಓಡಿಸುವವರು, ಇವರ ದುಡ್ಡೆಲ್ಲಾ ಯಾವಾಗಲೂ ಹೊರಗೆ ಕೆಲಸಕ್ಕೆ ಹೋಗಿರುತ್ತದೆ. ಅದನ್ನು ಕರೆದು ತಂದು ಒಂದು ತಿಂಗಳು ಮನೆಯಲ್ಲಿ ಕೂರಿಸು ಅಂದರೆ ಆ ತಿಂಗಳು ವ್ಯಾಪಾರ ನಿಲ್ಲಬೇಕು. ಶೇರು, ಬಾಂಡು, ಪಿಂಚಣಿ ನಿಧಿ ತೋರಿಸಿದರೆ ನಡೆಯುವುದಿಲ್ಲ. ಓವರ್‌ಡ್ರಾಫ್ಟ್ ಅಂತೂ ಲೆಕ್ಕಕ್ಕೇ ಇಲ್ಲ. ಬೇಕೆಂದಾಗ ತೆಗೆಯಬಹುದಾದ ನಗದು ಬೇಕು, ಆದರೆ ಅದನ್ನು ತೆಗೆಯುವ ಹಾಗಿಲ್ಲ. ಓದಿದಾಗಲೆಲ್ಲ ನನಗೆ ಇದು ವಿಚಿತ್ರ ಅನಿಸುತ್ತದೆ.

ಹೇಗೋ ಹೊಂದಿಸಿದೆವು. ಅಪ್ಪ ಎರಡು ದೊಡ್ಡ ಆರ್ಡರಿನ ಬಾಕಿ ವಸೂಲಿ ಮಾಡಿದರು. ಅಮ್ಮ ತನ್ನ ಹೆಸರಲ್ಲಿದ್ದ ಠೇವಣಿ ಮುರಿಸಿದಳು. ಕಾಗದದವರಿಗೆ ಒಂದು ತಿಂಗಳು ತಡೆಯಿರಿ ಅಂತ ಹೇಳಿದ್ದಾಯಿತು. ಬೇಕಾದದ್ದಕ್ಕಿಂತ ಚೂರು ಜಾಸ್ತಿಯೇ ಖಾತೆಯಲ್ಲಿ ಬಿತ್ತು. ನಾನು ಕ್ಯಾಲೆಂಡರಿನಲ್ಲಿ ಒಂದೊಂದೇ ದಿನ ಹೊಡೆದು ಹಾಕುತ್ತಾ ಬಂದೆ.

17ನೇ ದಿನ ಬೆಳಗ್ಗೆ ಅಪ್ಪನ ಮೊಬೈಲಿಗೆ ಮೆಸೇಜ್ ಬಂತು. ಇನ್ಶೂರೆನ್ಸಿನ ಪ್ರೀಮಿಯಂ ಕಟ್ ಆಗಿತ್ತು. ವರ್ಷಕ್ಕೊಮ್ಮೆ ತಾನೇ ತಾನಾಗಿ ಹೋಗುವ ದುಡ್ಡು, ಯಾವತ್ತೋ ಸಹಿ ಹಾಕಿ ಎಲ್ಲರೂ ಮರೆತದ್ದು. ಬ್ಯಾಲೆನ್ಸ್ ನೋಡಿದರೆ ಬೇಕಾದದ್ದಕ್ಕಿಂತ ಕಮ್ಮಿ. ಎಷ್ಟು ಕಮ್ಮಿ? ಒಂದು ದಪ್ಪ ಪಠ್ಯಪುಸ್ತಕದ ಬೆಲೆಯಷ್ಟು. ಅಪ್ಪ ಅವತ್ತೇ ಸಂಜೆಯೊಳಗೆ ಅದನ್ನು ತುಂಬಿಸಿದರು. ಆದರೆ ತುಂಬಿಸುವ ಹೊತ್ತಿಗೆ ಬ್ಯಾಂಕಿನ ದಿನ ಮುಗಿದಿತ್ತು. ಆ ದಿನದ ಕೊನೆಯ ಬ್ಯಾಲೆನ್ಸ್ ಅಂತ ಸ್ಟೇಟ್‌ಮೆಂಟಿನಲ್ಲಿ ಕೂತದ್ದು ಕಮ್ಮಿಯ ಅಂಕಿಯೇ. ನನ್ನ 17 ದಿನ ಸೊನ್ನೆ ಆಯಿತು. ಮತ್ತೆ ಒಂದರಿಂದ ಶುರು.

ಅಪ್ಪ ಏನೂ ಬೈಯಲಿಲ್ಲ. ಕಾಗದದವರಿಗೆ ಫೋನ್ ಮಾಡಿ ಇನ್ನೂ ಹದಿನೈದು ದಿನ ತಡೆಯಿರಿ ಅಂದರು. ಆ ಕಡೆಯವರು ಏನೋ ಅಂದಿರಬೇಕು, ಅಪ್ಪ ಅಂಗಳಕ್ಕೆ ಹೋಗಿ ಮಾತು ಮುಂದುವರಿಸಿದರು.

ಇಷ್ಟರಲ್ಲಿ ಕನ್ಸಲ್ಟೆಂಟ್ ಒಬ್ಬರು ಉಪಾಯ ಹೇಳಿದರು. ದುಡ್ಡನ್ನು ಬಾಡಿಗೆಗೆ ಕೊಡುವವರು ಇದ್ದಾರಂತೆ. ಅವರು ನಿಮ್ಮ ಖಾತೆಗೆ ಹಾಕುತ್ತಾರೆ, ತಿಂಗಳಿಟ್ಟು ವಾಪಸ್ ತೆಗೆದುಕೊಳ್ಳುತ್ತಾರೆ, ನೀವು ಬಡ್ಡಿ ಮಾತ್ರ ಕೊಟ್ಟರೆ ಸಾಕು. "ಎಲ್ಲರೂ ಮಾಡ್ತಾರೆ" ಅಂದರು. ಎಲ್ಲರೂ ಮಾಡುತ್ತಾರೆ ಅನ್ನುವ ಮಾತು ಕೇಳಿದ ಕೂಡಲೇ ನಮ್ಮಪ್ಪ ಕುರ್ಚಿಯಿಂದ ಎದ್ದುಬಿಡುತ್ತಾರೆ. ಅವತ್ತೂ ಎದ್ದರು. ಇದರ ಮುಂದಿನ ಹಂತ ಅಂದರೆ ಸ್ಟೇಟ್‌ಮೆಂಟನ್ನೇ ಸುಳ್ಳು ಮಾಡಿ ಕೊಡುವವರು. ಅಧಿಕಾರಿಗಳು ನೇರವಾಗಿ ಬ್ಯಾಂಕಿಗೇ ಕೇಳಿ ಪರೀಕ್ಷಿಸಬಹುದು. ಸಿಕ್ಕಿಬಿದ್ದರೆ ಬರೀ ಅರ್ಜಿ ತಿರಸ್ಕಾರ ಆಗಿ ಮುಗಿಯುವುದಿಲ್ಲ. ಬ್ರಿಟನ್ನಿನಲ್ಲಿ ಮೋಸಕ್ಕೆ 10 ವರ್ಷದವರೆಗೆ ಬಾಗಿಲು ಮುಚ್ಚುತ್ತದೆ, ಕೆನಡಾದಲ್ಲಿ 5 ವರ್ಷ. ಇಪ್ಪತ್ತೆರಡರ ಹುಡುಗಿಗೆ 10 ವರ್ಷ ಅಂದರೆ ಏನು ಅಂತ ಆ ಕನ್ಸಲ್ಟೆಂಟ್ ಹೇಳಲಿಲ್ಲ.

ಆಮೇಲೆ ಮಾವ ಬಂದರು, ಅಮ್ಮನ ಅಣ್ಣ. "ನನ್ನ ಖಾತೆಯಲ್ಲಿ ಇದೆಯಲ್ಲ, ಅದನ್ನೇ ತೋರಿಸು" ಅಂದರು. ಅದು ಆಗುವುದಿಲ್ಲ ಮಾವ ಅಂದೆ. ಬ್ರಿಟನ್ನಿನ ಲೆಕ್ಕದಲ್ಲಿ ಓದುವವರ ಸ್ವಂತ ದುಡ್ಡು, ಇಲ್ಲವೇ ಅಪ್ಪ ಅಮ್ಮನದು, ಕಾನೂನು ಪ್ರಕಾರ ಪೋಷಕರು ಯಾರಾದರೂ ಇದ್ದರೆ ಅವರದು, ಗಂಡ ಹೆಂಡತಿಯದು. ವಿದ್ಯಾರ್ಥಿವೇತನ, ಸರಿಯಾದ ಶಿಕ್ಷಣ ಸಾಲ ಆದರೂ ಆಗುತ್ತದೆ. ಮಾವ ಲೆಕ್ಕಕ್ಕಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ ಮಾವನಿಗೆ ನೀವು ಲೆಕ್ಕಕ್ಕಿಲ್ಲ ಅಂತ ಹೇಳುವುದು ಹೇಗೆ? "ಹೊರಗಿನವನು ಅಂತಾರಾ?" ಅಂತ ಕೇಳಿ ನಕ್ಕರು. ಮಾರನೇ ದಿನ ಅಪ್ಪನ ಖಾತೆಗೆ ಒಂದಷ್ಟು ದುಡ್ಡು ಹಾಕಿದರು. ಪ್ರೀಮಿಯಂ ತರಹದ ಇನ್ಯಾವುದೇ ಹಳ್ಳ ಬಂದರೂ ಬೀಳದಷ್ಟು.

ಬಾಡಿಗೆ ದುಡ್ಡು ಬೇಡ ಅಂದವರು ಮಾವನ ದುಡ್ಡು ತೆಗೆದುಕೊಂಡೆವಲ್ಲ, ಇದೂ ಅದೇ ಅಲ್ವಾ ಅಂತ ನಾನು ತುಂಬಾ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ವ್ಯತ್ಯಾಸ ಇದೆ ಅಂತಲೇ ಅನಿಸುತ್ತದೆ. ಮಾವ ವಾಪಸ್ ಯಾವಾಗ ಅಂತ ಕೇಳಲಿಲ್ಲ. ನಾನು ಅಲ್ಲಿ ಹೋಗಿ ಸಿಕ್ಕಿಹಾಕಿಕೊಂಡಿದ್ದರೆ ಆ ದುಡ್ಡು ನಿಜವಾಗಿಯೂ ನನ್ನ ಹತ್ತಿರ ಬರುತ್ತಿತ್ತು. ಬಾಡಿಗೆಯವನ ದುಡ್ಡು ಬರುತ್ತಿರಲಿಲ್ಲ. ಅಧಿಕಾರಿಗೆ ಗೊತ್ತಾಗಬೇಕಾದದ್ದು ಕೂಡ ಇದೇ: ಈ ಹುಡುಗಿ ಅಲ್ಲಿ ಹಸಿದು ಕೂತರೆ ಯಾರಾದರೂ ದುಡ್ಡು ಕಳಿಸುತ್ತಾರಾ? ಆದರೆ ಅದನ್ನು ಅಳೆಯುವ ಕೋಲು ಯಾರ ಹತ್ತಿರವೂ ಇಲ್ಲ. ಹಾಗಾಗಿ ಬ್ಯಾಲೆನ್ಸ್ ಅಳೆಯುತ್ತಾರೆ. ಇಷ್ಟೆಲ್ಲಾ ಹೇಳಿದರೂ ನನಗೆ ಪೂರ್ತಿ ನೆಮ್ಮದಿ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ದುಡ್ಡು ಅಪ್ಪನ ಹೆಸರಲ್ಲಿ ಇದ್ದದ್ದಕ್ಕೆ ಎರಡು ಕಾಗದ ಬೇಕಾಯಿತು. ನಾನು ಅವರ ಮಗಳು ಅಂತ ಜನನ ಪ್ರಮಾಣಪತ್ರ. ಈ ದುಡ್ಡನ್ನು ಮಗಳ ಓದಿಗೆ ಬಳಸಲು ಒಪ್ಪಿಗೆ ಇದೆ ಅಂತ ಅಪ್ಪ ಅಮ್ಮನ ಪತ್ರ. ಜನನ ಪತ್ರದಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬೇರೆ ಇತ್ತು, ಅದನ್ನು ತಿದ್ದಿಸಿದ ಕಥೆ ಇಲ್ಲಿ ಬೇಡ, ಅದೇ ಇನ್ನೊಂದು ಬರಹ ಆಗುತ್ತದೆ. ಒಪ್ಪಿಗೆ ಪತ್ರವನ್ನು ನಾನೇ ಟೈಪ್ ಮಾಡಿ ಸಹಿಗೆ ಇಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನನ್ನ ಮಗಳ ಓದಿಗೆ ದುಡ್ಡು ಕೊಡೋದಕ್ಕೆ ನನಗೆ ಒಪ್ಪಿಗೆ ಇದೆ ಅಂತ ನಾನು ಯಾರಿಗಮ್ಮ ಬರೆದುಕೊಡ್ಬೇಕು?" ಅಂದರು. ಕೋಪದಲ್ಲಿ ಅಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದು. ಆಮೇಲೆ ಸಹಿ ಹಾಕಿ, ಅಕ್ಷರ ಜೋಡಣೆ ಸರಿಯಿಲ್ಲ, ಎಡಗಡೆ ಅಂಚು ಜಾಸ್ತಿ ಬಿಟ್ಟಿದ್ದೀಯ ಅಂತ ತಪ್ಪು ತೆಗೆದರು. ಪ್ರೆಸ್ಸಿನವರ ಬುದ್ಧಿ ಎಲ್ಲಿ ಹೋಗುತ್ತದೆ.

ಇನ್ನೊಂದು ಆಯಿತು. ಬೇಕಾದದ್ದು 28 ದಿನದ ಸ್ಟೇಟ್‌ಮೆಂಟ್ ಆದರೂ ಬ್ಯಾಂಕಿನವರು ಆರು ತಿಂಗಳದ್ದು ಮುದ್ರಿಸಿ ಕೊಟ್ಟರು. ಅಪ್ಪನ ಲೆಕ್ಕವನ್ನು ಅಲ್ಲಿಯವರೆಗೆ ನಾನು ಯಾವತ್ತೂ ನೋಡಿರಲಿಲ್ಲ. ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ಅಪ್ಪ ಅಮ್ಮನ ಕೋಣೆಯ ಬಾಗಿಲು ಬಡಿಯದೆ ಒಳಗೆ ಹೋಗುವುದಿಲ್ಲವಲ್ಲ, ಹಾಗೆ. ಈಗ ಹಾಳೆ ಹಾಳೆಯಾಗಿ ನನ್ನ ಮುಂದೆ ಇತ್ತು. ಪ್ರತಿ ತಿಂಗಳು ಕೆಲಸದವರಿಗೆ ಸಂಬಳ ಹೋದದ್ದು ಕಾಣುತ್ತಿತ್ತು, ಒಂದು ದಿನವೂ ತಪ್ಪದೆ. ಒಂದು ತಿಂಗಳು ಸಂಬಳ ಹೋದ ಮೇಲೆ ಉಳಿದದ್ದು ಎಷ್ಟು ಅಂದರೆ, ಆ ಅಂಕಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದೇ ವಾರ ನಾನು ಇಂಗ್ಲಿಷ್ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯುತ್ತೇನೆ, ಇನ್ನರ್ಧ ಅಂಕ ಜಾಸ್ತಿ ಬರುತ್ತದೆ ಅಂತ ಹಟ ಮಾಡಿದ್ದೆ. ಎರಡು ಸಾಲಿನ ಕೆಳಗೆ ಆ ಪರೀಕ್ಷೆಯ ಶುಲ್ಕ ಕಟ್ಟಿದ್ದೂ ಇತ್ತು. ಅಪ್ಪ ಅವತ್ತು ಹ್ಞೂಂ ಅಂದಿದ್ದರು, ಅಷ್ಟೇ.

ಇದನ್ನೆಲ್ಲಾ ಎಲ್ಲೋ ಒಂದು ಕಚೇರಿಯಲ್ಲಿ ಕೂತು ಯಾರೋ ಓದುತ್ತಾರೆ. ಅವರು ನೋಡುವುದು ಕೊನೆಯ ಅಂಕಣವನ್ನು ಮಾತ್ರ ಅಂತ ಗೊತ್ತಿದ್ದರೂ ಒಂಥರಾ ಆಗುತ್ತದೆ.

ಅರ್ಜಿ ಹಾಕುವ ದಿನ ಇನ್ನೊಂದು ಭಯ. ನಮ್ಮ ದುಡ್ಡನ್ನು ಪೌಂಡಿಗೆ ಬದಲಾಯಿಸಿ ನೋಡುತ್ತಾರಲ್ಲ, ಯಾವ ದರಕ್ಕೆ? ಓಆಂಡಾ ಅನ್ನುವ ವೆಬ್‌ಸೈಟಿನಲ್ಲಿ ಅರ್ಜಿಯ ದಿನ ಇರುವ ದರಕ್ಕೆ ಅಂತ ನಿಯಮದಲ್ಲೇ ಬರೆದಿದ್ದಾರೆ. ಅಂದರೆ ದುಡ್ಡು ಒಂದು ಕಾಸೂ ಅಲ್ಲಾಡದೆ ಕೂತಿದ್ದರೂ ಪೌಂಡ್ ಮೇಲೆ ಹೋದರೆ ನೀವು ಕೆಳಗೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ನಾನು ಗಂಟೆಗೊಮ್ಮೆ ಆ ದರ ನೋಡುತ್ತಿದ್ದೆ. ಯಾರಾದರೂ ಕೇಳಿದರೆ ನಾನು ಈಗಲೂ ಹೇಳುವುದು ಇದೇ: ಲೆಕ್ಕಕ್ಕೆ ಸರಿಯಾಗಿ ಇಡಬೇಡಿ, ಮೇಲೆ ಒಂದಿಷ್ಟು ಇರಲಿ. ಖಾತೆಯಿಂದ ತಾನಾಗಿ ಹೋಗುವ ಕಂತುಗಳನ್ನೆಲ್ಲಾ ಮೊದಲೇ ಬೇರೆ ಖಾತೆಗೆ ಕಳಿಸಿ.

ವೀಸಾ ಬಂತು. ಮೂರು ವಾರವೂ ಆಗಿರಲಿಲ್ಲ. ಮಾವನ ದುಡ್ಡನ್ನು ಅಪ್ಪ ಒಂದೂವರೆ ವರ್ಷದಲ್ಲಿ ತೀರಿಸಿದರು. ಅಲ್ಲಿ ಹೋದ ಮೇಲೆ ನಾನು ವಾರಕ್ಕೆ 20 ಗಂಟೆ ಕೆಲಸ ಮಾಡಿ ಮನೆ ಬಾಡಿಗೆ ಕಟ್ಟಿದೆ. ಆ 20 ಗಂಟೆಯ ಸಂಪಾದನೆ ನಿಜವಾಗಿ ಹೊಟ್ಟೆ ತುಂಬಿಸಿದ ದುಡ್ಡು, ಆದರೆ ಅಲ್ಲಿ ದುಡಿದು ಓದುತ್ತೇನೆ ಅಂತ ವೀಸಾಕ್ಕೆ ತೋರಿಸಲು ಬರುವುದಿಲ್ಲ.

ಅಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಒಬ್ಬಳಿದ್ದಳು. ಒಂದು ಸಂಜೆ ಇಬ್ಬರೂ ಅಡುಗೆ ಮಾಡುತ್ತಾ ಈ ಮಾತು ಬಂತು. "28 ದಿನಾನಾ? ಯಾವ 28 ದಿನ?" ಅಂದಳು. ಅವಳ ಪಾಸ್‌ಪೋರ್ಟ್ ಬೇರೆ ಪಟ್ಟಿಯಲ್ಲಿತ್ತು. ಕೆಲವು ದೇಶದವರು ದುಡ್ಡಿನ ಕಾಗದಗಳನ್ನು ಅರ್ಜಿಯ ಜೊತೆ ಕೊಡಬೇಕಾಗಿಲ್ಲ. ದುಡ್ಡು ಇರಬೇಕು, ಆದರೆ ಕೇಳಿದರೆ ಮಾತ್ರ ತೋರಿಸಿದರೆ ಸಾಕು. ಅವಳನ್ನು ಕೇಳಿರಲಿಲ್ಲ. ಅವಳದೇನೂ ತಪ್ಪಿಲ್ಲ, ಒಳ್ಳೆಯ ಹುಡುಗಿ. ನಾನು ಸುಮ್ನೆ ಈರುಳ್ಳಿ ಹೆಚ್ಚುತ್ತಾ ನಿಂತೆ.

ತಮ್ಮನಿಗೆ ಈ ಕಷ್ಟ ಬೇಡ ಅಂತ ಮೊದಲು ಬೇರೆ ದೇಶಗಳನ್ನೂ ನೋಡಿದೆವು. ನೋಡುತ್ತಾ ಹೋದರೆ ಒಂದೊಂದು ದೇಶದ ಅನುಮಾನ ಒಂದೊಂದು ತರಹ. ಜರ್ಮನಿಯವರು ದುಡ್ಡು ಎಷ್ಟು ದಿನದಿಂದ ಇದೆ ಅಂತ ಕೇಳುವುದಿಲ್ಲ. ವರ್ಷಕ್ಕೆ 11,904 ಯೂರೊ ತಂದು ಬ್ಲಾಕ್ಡ್ ಅಕೌಂಟಿನಲ್ಲಿ ಹಾಕು ಅನ್ನುತ್ತಾರೆ. ಹೋದ ಮೇಲೆ ತಿಂಗಳಿಗೆ 992 ಯೂರೊ ನಿನಗೇ ವಾಪಸ್ ಕೊಡುತ್ತಾರೆ. ಮನೆಯ ಹಿರಿಯರು ಹುಂಡಿಗೆ ಬೀಗ ಹಾಕಿಟ್ಟು ತಿಂಗಳ ಖರ್ಚಿಗೆ ಎಣಿಸಿ ಕೊಟ್ಟ ಹಾಗೆ. ನನಗೆ ಇದು ಇಷ್ಟವಾಯಿತು. ತೋರಿಸಿದ ದುಡ್ಡೇ ತಿನ್ನುವ ದುಡ್ಡು, ನಾಟಕ ಇಲ್ಲ. ಆದರೆ ಇಡೀ ವರ್ಷದ್ದು ಒಂದೇ ಸಲ ಹೊರಗೆ ಕಳಿಸಬೇಕು, ಅದು ನಮ್ಮ ಪ್ರೆಸ್ಸಿಗೆ 28 ದಿನಕ್ಕಿಂತ ದೊಡ್ಡ ಹೊಡೆತ.

ಕೆನಡಾದಲ್ಲೂ ಅಲ್ಲಿಯ ಬ್ಯಾಂಕಿನಲ್ಲಿ ಇಟ್ಟು ಕಂತಿನಲ್ಲಿ ತೆಗೆದುಕೊಳ್ಳುವ ಒಂದು ದಾರಿ ಇದೆ. ಅಲ್ಲಿಯ ಮೊತ್ತ ಎರಡು ದಶಕ 10,000 ಕೆನಡಿಯನ್ ಡಾಲರ್ ಇದ್ದದ್ದು 2024ರ ಜನವರಿ 1ರಿಂದ 20,635ಕ್ಕೆ ಹಾರಿತು. 2025ರ ಸೆಪ್ಟೆಂಬರಿನಿಂದ 22,895, ಫೀಸು ಬೇರೆ. ಅಷ್ಟು ವರ್ಷ ಮಲಗಿದ್ದು ಒಮ್ಮೆಲೇ ಎದ್ದು ಕೂತರೆ ಆ ವರ್ಷ ತಯಾರಾದವರ ಗತಿ ಏನು? ಅಮೆರಿಕದಲ್ಲಿ ಮೊದಲು ಕಾಲೇಜಿನವರೇ ಒಂದು ವರ್ಷದ ಖರ್ಚಿಗೆ ದುಡ್ಡಿದೆಯಾ ಅಂತ ನೋಡಿ, ವೀಸಾಕ್ಕೆ ಬೇಕಾದ ಐ-20 ಅನ್ನುವ ಕಾಗದ ಕೊಡುತ್ತಾರೆ. ಆಮೇಲೆ ಕಿಟಕಿಯ ಮುಂದೆ ನಿಂತು ಅಧಿಕಾರಿಗೆ ಬಾಯಲ್ಲಿ ಹೇಳಬೇಕು. ಆಸ್ಟ್ರೇಲಿಯಾದವರು ಬದುಕುವ ಖರ್ಚಿಗೇ ವರ್ಷಕ್ಕೆ 29,710 ಆಸ್ಟ್ರೇಲಿಯನ್ ಡಾಲರ್ ಕೇಳುತ್ತಾರೆ, 2024ರ ಮೇ ತಿಂಗಳಿಂದ. ಆದರೆ ಅಲ್ಲಿ ಇನ್ನೊಂದು ಬಾಗಿಲೂ ಇದೆ. ಅಪ್ಪ ಅಮ್ಮನ ವರ್ಷದ ಆದಾಯ 87,856 ಡಾಲರ್ ಇದೆ ಅಂತ ತೋರಿಸಿದರೂ ಸರಿ. ಮೊತ್ತ ನಮಗೆ ಎಟುಕದ್ದು, ಬಿಡಿ. ಆದರೆ ಬರುವ ದುಡ್ಡನ್ನೂ ದುಡ್ಡು ಅಂತ ಲೆಕ್ಕಕ್ಕೆ ಹಿಡಿದವರು ಇದ್ದಾರಲ್ಲ ಅಂತ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ತುಂಬಾ ಖುಷಿಯಾಯಿತು. "ಅವರಲ್ಲಿ ಯಾರೋ ಅಂಗಡಿ ಇಟ್ಟಿದ್ದವರು ಇರ್ಬೇಕು" ಅಂದರು.

ಕೊನೆಗೆ ಕೋರ್ಸ್ ಚೆನ್ನಾಗಿದೆ ಅಂತ ತಮ್ಮ ಬ್ರಿಟನ್ನೇ ಆರಿಸಿಕೊಂಡ.

ಈ ಸಲ ನನ್ನ ಸಂಬಳದಿಂದ ಒಂದಷ್ಟು ಸೇರಿದೆ. ನಾನು ಅವನಿಗೆ ಅಕ್ಕ, ಮಾವನ ಹಾಗೆ ನಾನೂ ಲೆಕ್ಕಕ್ಕಿಲ್ಲ, ಹಾಗಾಗಿ ದುಡ್ಡು ಅವನ ಹೆಸರಿಗೇ ಹೋಯಿತು. ಅಪ್ಪನ ಪಾಲೂ ಅಲ್ಲೇ ಬಿತ್ತು. ಅವನ ಹೆಸರಲ್ಲೇ ಹೊಸ ಖಾತೆ ತೆರೆದಿದ್ದಾರೆ. ಅದಕ್ಕೆ ಯಾವ ಕಂತೂ ಇಲ್ಲ, ಕಾರ್ಡೂ ಇಲ್ಲ. ಮಲಗಿರೋ ಖಾತೆ ಅಂತ ಅಪ್ಪ ಅದಕ್ಕೆ ಹೆಸರಿಟ್ಟಿದ್ದಾರೆ. ಏನೂ ಆಗುವುದಿಲ್ಲ ಅಂತ ಗೊತ್ತಿದ್ದೂ ದಿನಾ ರಾತ್ರಿ ತಮ್ಮನ ಕೈಲಿ ತೆಗೆಸಿ ಒಂದು ಸಲ ನೋಡುತ್ತಾರಂತೆ.

"ಹಾಕಿದ ದಿನ ಸೇರುತ್ತೋ ಇಲ್ವೋ ಅನ್ನೋದು ಬಿಡು, ಮೇಲೆ ಇನ್ನೂ ನಾಲ್ಕು ದಿನ ಇರಲಿ" ಅಂತ ತಮ್ಮನಿಗೆ ಹೇಳಿದೆ. ನಾಲ್ಕು ದಿನ ಅಂದ ಕೂಡಲೇ ಹಿಂದಿನಿಂದ ಅಪ್ಪನ ದನಿ ಕೇಳಿಸಿತು. ಅವರು ಎದ್ದೇ ಇದ್ದರು. ಮಶೀನಿನ ರೋಲರ್ ಸವೆದಿದೆ, ಮುಂದಿನ ತಿಂಗಳು ಹತ್ತನೇ ತಾರೀಕಿಗೆ ಬದಲಾಯಿಸುತ್ತೇನೆ ಅಂತ ಹೇಳಿಟ್ಟಿದ್ದಾರಂತೆ. ಅದನ್ನು ಹದಿನಾಲ್ಕಕ್ಕೆ ಹಾಕಿಸಿಕೊಳ್ಳುತ್ತೇನೆ ಅಂದರು.